ಎಣ್ಣೆ ಬಾಟಲಿ

ಟೆಂಪೊದ ಗಾಜಿನ ಬುಡದಲ್ಲಿ
ಪಾವ್ಲಿನ್ ಬಾಯಿಯ ತೆಂಗಿನೆಣ್ಣೆ ಬಾಟಲಿ.
ಚಳಿ ಅಳೆಯಲಿಕ್ಕೆ ಅವರ ಹತ್ತಿರ ಬೇರೆ ಮೀಟರಿಲ್ಲ.

ಕಾರ್ಕಳದಲ್ಲಿ ಬೆಳಿಗ್ಗೆ ಆರಕ್ಕೆ ಇಳಿದರೆ
ಅರ್ಧ ಬಾಟಲಿ ಬಿಳಿ.
"ನೋಡು ಉಮರಬ್ಬ, ಡಿಸೆಂಬರ್ ಬಂತು!"
ಆರು ಡಬ್ಬ ಕಿಡಿಯೊ, ಹನ್ನೆರಡು ಕಾಗದದ ನಕ್ಷತ್ರ
ಒಂಬತ್ತರೊಳಗೆ ಖಾಲಿ.

ಶಿರ್ವದಲ್ಲಿ ಬಿಳಿ ಒಂದು ಬೆರಳಷ್ಟೇ.
ಅಲ್ಲೊಬ್ಬಳು ನೆವ್ರಿ ಮುರಿದು
ಒಳಗಿನ ಎಳ್ಳು ಎಣಿಸುವಂತೆ ನೋಡಿ
"ನಮ್ಮಜ್ಜಿಯದು ಹೀಗಲ್ಲ" ಎಂದಳು,
ಎರಡು ಕಿಲೋ ಕಟ್ಟಿಸಿಕೊಂಡಳು.

ಉಡುಪಿ, ಸಂತೆಕಟ್ಟೆ. ಎಣ್ಣೆ ಕುಲುಕುತ್ತಿತ್ತು.
ಪಕ್ಕದಂಗಡಿಯ ಹುಡುಗ ಗೋದಲಿಗೆ ಹತ್ತಿಯ ಹಿಮ ಹಾಸುತ್ತಿದ್ದ,
ಮೂಗಿನ ಬೆವರು ಹಿಮಕ್ಕೆ ಬೀಳದ ಹಾಗೆ
ತಲೆ ಓರೆ ಮಾಡಿಕೊಂಡು.
ಅವನ ಒಂಟೆಯ ಕಾಲು ಮುರಿದಿತ್ತು. ಬಾಯಿ ಮೇಣ ಕೊಟ್ಟರು.
ಅವನು ಒಂದು ಮಣ್ಣಿನ ಕುರಿ ಕೊಟ್ಟ.

ಹಂಪನಕಟ್ಟೆ ಮುಟ್ಟುವಾಗ ಸಂಜೆ ಏಳು.
ಬಸ್ಸಿನ ಹಾರ್ನುಗಳ ನಡುವೆ, ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ
ಯಂತ್ರವೊಂದು ಹಿಮ ಉಗುಳುತ್ತಿತ್ತು;
ಮಕ್ಕಳು, ಪೊಲೀಸಪ್ಪ, ಕಡಲೆ ಮಾರುವವನು,
ಎಲ್ಲರ ತಲೆಯೂ ಬಿಳಿ.
ಬಾಯಿ ಒಂದು ಚೂರು ನಾಲಿಗೆಗೆ ಮುಟ್ಟಿಸಿ
"ಸೋಪು" ಎಂದು ಉಗಿದರು.

ಬಾಟಲಿಯಲ್ಲೀಗ ನೀರಿನಂಥ ಎಣ್ಣೆ.
ಎತ್ತಿ ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು.
"ನಾಳೆ ನಸುಕಿಗೆ ಮತ್ತೆ ಕಾರ್ಕಳಕ್ಕೆ ಹೋಗುವನಾ?"

ಮಾರಲಿಕ್ಕೆ ಎಂತದೂ ಉಳಿದಿರಲಿಲ್ಲ, ಆ ಕುರಿಯೊಂದು ಬಿಟ್ಟರೆ.
"ಡೀಸೆಲ್ ನಿಮ್ಮದು" ಎಂದೆ.
ಅವರು ಕೇಳಿಸಿಕೊಳ್ಳಲಿಲ್ಲ;
ಕುರಿಯನ್ನು ಸೆರಗಿನಲ್ಲಿ ಸುತ್ತುತ್ತಿದ್ದರು,
ಅಲ್ಲಿ ಥಂಡಿ ಜಾಸ್ತಿ ಎಂದು.