ಅರ್ಧ ಕ್ಲಚ್ಚು

ದೇಚಮ್ಮ ಟೇಪು ಹಿಡಿದು ನನ್ನ ತೊಡೆ ಅಳೆದಳು
ದರ್ಜಿಯ ಹಾಗೆ, ಹಲ್ಲಲ್ಲಿ ಪೆನ್ನು ಕಚ್ಚಿಕೊಂಡು.
ಬಲಕ್ಕೆ ಹತ್ತೊಂಬತ್ತು. ಎಡಕ್ಕೆ ಹದಿನೇಳೂವರೆ.
"ಒಂದೂವರೆ ಇಂಚು ಎಲ್ಲಿ ಹೋಯಿತು, ಮೊಯ್ದಣ್ಣ?"
ಟಿಕೆಟಿಲ್ಲದೆ ಹತ್ತಿದವನನ್ನು ಕೇಳಿದಂತೆ ಕೇಳಿದಳು.

ನನಗೇನು ಗೊತ್ತು. ಆರು ವಾರ ಮಂಚದ ಮೇಲಿದ್ದೆ
ಗ್ಯಾರೇಜಿನ ಮೂಲೆಗೆ ತಳ್ಳಿದ ಗಾಡಿಯಂತೆ.
ನಿಂತ ಗಾಡಿಯ ಬ್ಯಾಟರಿ ತಾನಾಗಿ ಇಳಿಯುತ್ತದೆ,
ಕಳ್ಳ ಬರಬೇಕಾಗಿಲ್ಲ.

ಇಪ್ಪತ್ತೆಂಟು ವರ್ಷ ವಿರಾಜಪೇಟೆ, ಮಡಿಕೇರಿ, ವಿರಾಜಪೇಟೆ.
ಕ್ಲಚ್ಚು ತುಳಿದ ಕಾಲು ಇದೇ.
ಮೇಕೇರಿಯ ಏರಿನಲ್ಲಿ
ಮುಂದೆ ಕೆಟ್ಟು ನಿಂತ ಜೀಪು, ಹಿಂದೆ ಮರದ ಲಾರಿ,
ಒಳಗೆ ಎಂಬತ್ತು ಜನ, ಒಂದು ಕೋಳಿ ಬುಟ್ಟಿ:
ಬೆರಳಗಲವೂ ಹಿಂದಕ್ಕೆ ಜಾರಗೊಡದ ಕಾಲು.
ಈಗ ಚಪ್ಪಲಿಯೂ ಅದರ ಮಾತು ಕೇಳುವುದಿಲ್ಲ.
ಹೊಸ್ತಿಲು ದಾಟುವಾಗ ಹೆಬ್ಬೆರಳು ತಾಗಿ
ನನ್ನದೇ ಮನೆ ನನ್ನನ್ನು ತಡೆದು ನಿಲ್ಲಿಸುತ್ತದೆ.

ಕುರ್ಚಿಯಿಂದ ಏಳು, ಕೂರು. ಹತ್ತು ಸಲ, ಮೂರು ಹೊತ್ತು.
ಏಳುವುದು ಹೇಗೋ ಆಯಿತು. ಕೂರುವಾಗ
ಕಾಫಿ ಮೂಟೆ ಎಸೆದಂತೆ ದೊಪ್ಪನೆ ಬೀಳುತ್ತಿದ್ದೆ.
"ಬೀಳಬೇಡಿ, ಇಳಿಯಿರಿ," ಎಂದಳು.
"ಇಳಿಯುವಾಗಲೂ ಸ್ನಾಯು ಕಟ್ಟುತ್ತದೆ. ಐದು ಎಣಿಸಿ."
ಮೂರಕ್ಕೇ ತೊಡೆ ನಡುಗಿತು,
ಇಂಜಿನ್ ನಿಲ್ಲುವ ಮುಂಚಿನ ಅದೇ ನಡುಕ.
ಅಯ್ಯೋ, ಇದು ಅರ್ಧ ಕ್ಲಚ್ಚಲ್ಲವೇ!
ತುಳಿಯುವುದು ಯಾರಿಗೂ ಬರುತ್ತದೆ.
ಬಿಡುವುದು, ಬಿಡುಬಿಡುತ್ತಲೇ ಹಿಡಿದಿರುವುದು,
ಅದನ್ನೇ ಎಷ್ಟು ಹುಡುಗರ ತಲೆಗೆ ಮೊಟಕಿ ಕಲಿಸಿದ್ದೆ.

ನಬೀಸ ಹುರುಳಿ ನೆನೆಸುತ್ತಾಳೆ, ದಿನಕ್ಕೆರಡು ಮೊಟ್ಟೆ,
ಮತ್ತಿ ಬಂದ ದಿನ ಮತ್ತಿ.
"ಕಾಲಿಗೆ ಹೋಗು, ಹೊಟ್ಟೆಗಲ್ಲ," ಎಂದು
ತಟ್ಟೆಗೇ ಗದರಿಸಿ ಮುಂದಿಡುತ್ತಾಳೆ.

ಮಂಚದಿಂದ ಬಾಗಿಲು ಕದನೂರು.
ನಲ್ಲಿಯ ಹತ್ತಿರ ಕಾಕೋಟುಪರಂಬು.
ಒಗೆಯುವ ಕಲ್ಲಿನ ಪಕ್ಕದ ಚರಂಡಿ ಬೇತ್ರಿ ಹೊಳೆ,
ದಾಟುವಾಗ ಕೆಳಗೆ ನೋಡುವುದಿಲ್ಲ.
ಮೂರ್ನಾಡು ಇನ್ನೂ ಮುಟ್ಟಿಲ್ಲ,
ಅದು ಪಕ್ಕದ ಮನೆಯ ಗೇಟು.
ಭಾನುವಾರ ಐತಪ್ಪ ಬಂದರೆ ಹೆಗಲು ಕೊಡುವುದಿಲ್ಲ,
ಕಂಡಕ್ಟರ್ ಬುದ್ಧಿ, ಹಿಂದೆ ನಿಂತು ಸೊಂಟದ ಬೆಲ್ಟು ಹಿಡಿದು
"ರೈಟ್, ರೈಟ್" ಎನ್ನುತ್ತಾನೆ.
ಒಂದು ದಿನ ಚರಂಡಿಯಾಚೆ ನಿಂತು ಅತ್ತುಬಿಟ್ಟೆ.
ಅವನು ರಸ್ತೆ ನೋಡಿದ. ಆಮೇಲೆ ಮೆಲ್ಲಗೆ,
"ಜನ ಇಳಿದಾಯಿತು, ಹೊರಡೋಣ."

ನಿನ್ನೆ ಮತ್ತೆ ಟೇಪು. ಹದಿನೇಳೂಮುಕ್ಕಾಲು.
"ಕಾಲು ಇಂಚು!" ಎಂದಳು ದೇಚಮ್ಮ.
ಕಾಲಿಗೆ ಕಾಲು. ನಾನು ನಕ್ಕೆ,
ಬಾಯಿಯ ಎಡ ಮೂಲೆ ಸ್ವಲ್ಪ ತಡವಾಗಿ ಬಂದು ಸೇರಿಕೊಂಡಿತು.

ಸಂಜೆ ಆರೂ ಹತ್ತರ ಬಸ್ಸು ಕೆಳಗಿನ ತಿರುವಿಗೆ ಬಂದಾಗ
ನಾನು ಕುರ್ಚಿಗೆ ಇಳಿಯುತ್ತಿದ್ದೆ.
ಗೇರು ಕಿರುಗುಟ್ಟಿತು, ಗಾಡಿ ಒಮ್ಮೆ ಜಗ್ಗಿತು.
ಹೊಸ ಹುಡುಗ. ಪೂರ್ತಿ ಬಿಟ್ಟುಬಿಟ್ಟ, ಪೋಕರಿ.
ಎರಡು ಎಣಿಸಿದವನು ಅಲ್ಲೇ ನಿಂತೆ,
ಕೂತೂ ಇಲ್ಲ, ಎದ್ದೂ ಇಲ್ಲ,
ಅವನು ಏರು ಹತ್ತುವವರೆಗೆ ಹಿಡಿದುಕೊಂಡೆ.