ಬೈತಲೆಗೆ ಒಪ್ಪದ ಪದ

ಗ್ರಿಮ್ಸ್‌ಬಿಯ ಮೀನುಧಕ್ಕೆಯ ಹಿಂದಿನ ಬೀದಿ,
ಎರಡೇ ಕುರ್ಚಿಯ ಕ್ಷೌರದಂಗಡಿ.
ಮಂಗಳವಾರ ವಯಸ್ಸಾದವರಿಗೆ ಅರ್ಧ ದರ.
ಹೆಸ್ಟರ್ ಥರ್ಲ್‌ಬಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.
ಮದ್ದಿನ ಉರಿಗೆ ಉದುರಿ ಬೋಳಾಗಿದ್ದ ತಲೆಯಲ್ಲಿ
ಮರುಹುಟ್ಟು ಪಡೆದ ಕೂದಲು.
ಎಂಬತ್ತೊಂದು ವರ್ಷ ನೆಟ್ಟಗೆ ಇಳಿಬಿದ್ದದ್ದು
ಈಗ ಕುರಿಮರಿಯ ಹಾಗೆ, ದಿಕ್ಕಿಗೊಂದು ಸುರುಳಿ.

'ಅನ್‌ರೂಲಿ' ಅಂದ ಕ್ಲೈವ್ ಟಾಸ್ಕರ್,
ಬಾಚಣಿಗೆಯನ್ನು ನೀರಿಗದ್ದಿ.

ಆ ಪದ ಅವಳದೇ.
ಮೂವತ್ತೆಂಟು ವರ್ಷ ಲೆಕ್ಕದ ಮೇಡಂ,
ಪ್ರಗತಿಪತ್ರದ ಕೊನೆಯ ಕಿರಿದಾದ ಖಾನೆಯಲ್ಲಿ
ನೀಲಿ ಶಾಯಿಯಲ್ಲಿ ಎಷ್ಟು ಸಲ ಬರೆದಿದ್ದಳೋ.
ರೂಲು ಅಂದರೆ ಕಾನೂನು,
ರೂಲು ಅಂದರೆ ಗೆರೆ ಎಳೆಯುವ ಪಟ್ಟಿಯೂ ಹೌದು.
ಬೆರಳ ಗೆಣ್ಣಿಗೆ ಬೀಳುತ್ತಿದ್ದದ್ದೂ ಅದೇ ಪಟ್ಟಿ.

ನಮ್ಮ ಮಾತಿನಲ್ಲೂ ಹಾಗೇ ನೋಡಿ:
ಅಂಕೆ ಅಂದರೆ ಒಂದು ಎರಡು ಮೂರು,
ಅಂಕೆ ಅಂದರೆ ಹದ್ದುಬಸ್ತು.
ಎಣಿಸಲು ಬಂದದ್ದನ್ನು ಆಳಲೂ ಬರುತ್ತದೆಂದು
ಯಾವ ಶಾನುಭೋಗ ನಂಬಿದ್ದನೋ!

ಎಲ್ಲದಕ್ಕೂ ಹೊಂದುವ ಪದವಲ್ಲ ಅದು.
ಕೂದಲಿಗೆ ಸರಿ. ಬೇಲಿಯ ಗಿಡಕ್ಕೆ, ಹಿಂದಿನ ಬೆಂಚಿಗೆ,
ಪಂದ್ಯ ಸೋತು ಬೀದಿಗೆ ಬಿದ್ದ ಗುಂಪಿಗೆ ಸರಿ.
ಬೆಂಕಿಗೆ ಸಲ್ಲದು.
ಅವಳ ಗಂಡನ ದೋಣಿಯನ್ನು ಐಸ್‌ಲ್ಯಾಂಡಿನ ಕಡೆ ನುಂಗಿದ ಕಡಲಿಗೆ
ಪತ್ರಿಕೆಯವರು ಬೇರೆಯದೇ ಮಾತು ಹಾಕಿದ್ದರು.
ಅವಳ ಎದೆಯಲ್ಲಿ ಮೇರೆ ಮೀರಿ ಬೆಳೆದದ್ದಕ್ಕೂ
ಡಾಕ್ಟರು ಇದನ್ನು ಹೇಳಲಿಲ್ಲ,
ಕನ್ನಡಕ ಒರೆಸಿಕೊಂಡು ಮತ್ತೊಂದು ಹೇಳಿದರು.
ತಿದ್ದಿದರೆ ತಿದ್ದೀತು ಎಂಬ ಆಸೆ
ಎಲ್ಲಿ ಇನ್ನೂ ಚೂರು ಉಳಿದಿದೆಯೋ
ಅಲ್ಲಿಗೆ ಮಾತ್ರ ಈ ಪದ.
ಬೈಗುಳದ ಜೇಬಿನಲ್ಲೊಂದು ಬಾಚಣಿಗೆ.

ಬರೆಯುವಾಗ ಅವಳಿಗಿದು ತಿಳಿದಿರಲಿಲ್ಲ.

'ನೀನು ನನ್ನ ತರಗತಿಯಲ್ಲಿದ್ದೆಯಾ?'
'ನಾನಲ್ಲ, ನಮ್ಮಣ್ಣ. ನೀವು ಬರೆದದ್ದನ್ನು ಅಮ್ಮ
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು,
ಮೆಚ್ಚುಗೆ ಅಂದುಕೊಂಡು.'
'ಈಗೇನು ಮಾಡುತ್ತಾನೆ?'
'ಗೆರೆ ದಾಟಿ ನಿಲ್ಲಿಸಿದ ಕಾರುಗಳಿಗೆ
ದಂಡದ ಚೀಟಿ ಹರಿಯುತ್ತಾನೆ.'

ಹೆಸ್ಟರ್ ನಕ್ಕಳು, ಕೆಮ್ಮು ಬರುವಷ್ಟು.
ಕತ್ತರಿ ಕಿವಿಯ ಹತ್ತಿರ ಬಂದಾಗ
ಬೇಡ, ಬಿಡು ಅಂದಳು.
ಬಾಗಿಲು ತೆರೆದದ್ದೇ ಹಂಬರ್ ನದಿಯ ಉಪ್ಪುಗಾಳಿ
ತಲೆಯೊಳಗೆ ಕೈಯಾಡಿಸಿತು.

ಟೋಪಿ ಕುರ್ಚಿಯ ಮೇಲೇ ಉಳಿದಿತ್ತು.
ಕ್ಲೈವ್ ಅದನ್ನು ಮೊಳೆಗೆ ನೇತುಹಾಕಿ
ಮಾಡದ ಕ್ಷೌರಕ್ಕೆ ಅವಳಿಟ್ಟು ಹೋದ ಚಿಲ್ಲರೆ ಎಣಿಸಿದ,
ಮತ್ತೊಮ್ಮೆ ಎಣಿಸಿದ.
ಒಂದು ನಾಣ್ಯ ಹೆಚ್ಚಿತ್ತು.