ಇಳಿಯುವಾಗ

ನೆಗಡಿ ಇದ್ದಾಗ ವಿಮಾನ ಹತ್ತಬೇಡಿ ಎಂದು
ಬಂದವರಿಗೆಲ್ಲ ಹೇಳುವವಳು ನಾನೇ.
ಹತ್ತಿದೆ. ಗುರುವಾರ, ಅಡಿಲೇಡಿನಿಂದ,
ರೆಕ್ಕೆಗೆ ಫ್ಯಾನು ಕಟ್ಟಿದಂಥ ಪುಟ್ಟ ವಿಮಾನ,
ಮಡಿಲಲ್ಲಿ ಬೇರೆಯವರ ಕಿವಿಗಳ ಪೆಟ್ಟಿಗೆ:
ಹತ್ತಿಯಲ್ಲಿ ಸುತ್ತಿದ ಹನ್ನೊಂದು ಶ್ರವಣಯಂತ್ರ.

ಏರುವಾಗ ಏನಿಲ್ಲ. ಏರುವುದು ಯಾವತ್ತೂ ಸಲೀಸು,
ಕಿವಿ ತನ್ನಷ್ಟಕ್ಕೆ ಟಿಕ್ಕೆಂದು ಗಾಳಿ ಬಿಟ್ಟುಕೊಡುತ್ತದೆ.
ಇಳಿಯುವಾಗ ನೋಡಿ,
ಬ್ರೋಕನ್ ಹಿಲ್ಲಿನ ಕೆಂಪು ನೆಲ ಕಿಟಕಿಗೆ ಹತ್ತಿರವಾದಂತೆ
ಯಾರೋ ಹೊರಗಿನಿಂದ ಹೆಬ್ಬೆರಳು ಒತ್ತಿ ಹಿಡಿದರು.
ಎಡಗಿವಿ.

ನುಂಗಿದೆ. ಬಾರದ ಆಕಳಿಕೆಯನ್ನು ಕರೆಕರೆದು ಸೋತೆ.
ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದೆ;
ಮೆಲ್ಲಗೆ, ಇನ್ನೂ ಮೆಲ್ಲಗೆ,
ಮಕ್ಕಳಿಗೆ ಹೇಳಿಕೊಡುವ ಅದೇ ದನಿಯಲ್ಲಿ
ನನಗೇ ಹೇಳಿಕೊಂಡೆ.
ಹಿಂದಿನ ಸೀಟಿನ ಕೂಸೊಂದೇ ಸರಿಯಾಗಿ ಮಾಡಿತು:
ಗಂಟಲು ಹರಿಯುವಂತೆ ಅತ್ತಿತು,
ಅತ್ತು ಅತ್ತು ಕಿವಿ ಬಿಟ್ಟಿತು, ಮಲಗಿತು.
ನಲವತ್ತೊಂದರ ಹೆಂಗಸು ಹಾಗೆ ಅಳಲಾದೀತೆ?
ಶುಂಠಿ ಪೆಪ್ಪರಮಿಂಟು ಚೀಪಿದೆ.

ಕ್ಲೋರೈಡ್ ಸ್ಟ್ರೀಟು. ಅರ್ಧ ಊರು ಹತ್ತಿಯೊಳಗಿದೆ.
ನನ್ನ ಹೆಜ್ಜೆ ನನ್ನ ತಲೆಯೊಳಗೇ ನಡೆಯುತ್ತಿದೆ,
ನನ್ನ ಮಾತು ಹಂಡೆಯೊಳಗಿಂದ ಬರುತ್ತಿದೆ.
ಲಾರಿಯೊಂದು ಎಡಕ್ಕೆ ಬಂದು ಬಲಕ್ಕೆ ಹಾರ್ನ್ ಹೊಡೆಯಿತು.

ಮೊದಲ ಸರದಿ ಕಾರ್ಮೆಲೊ ಜಮಿಟ್. ಎಂಬತ್ತಮೂರು.
ಗಣಿಯಲ್ಲಿ ಇಪ್ಪತ್ತೆಂಟು ವರ್ಷ
ಡ್ರಿಲ್ಲಿನ ಜೊತೆ ಸಂಸಾರ ಮಾಡಿದ ಕಿವಿ.
ಅಜ್ಜ ಏನೋ ಕೇಳಿದ. ನಾನು "ಹ್ಞಾಂ?" ಎಂದೆ.
ಅವನೂ "ಹ್ಞಾಂ?" ಎಂದ.
ಒಬ್ಬರ ತುಟಿ ಒಬ್ಬರು ನೋಡುತ್ತ
ಗುಡ್ಡದಿಂದ ಗುಡ್ಡಕ್ಕೆ ಕುರುಬರು ಕರೆದಂತೆ
ಬಾಗಿಲು ಹಾಕಿದ ಕೋಣೆಯಲ್ಲಿ ಕೂಗಾಡಿದೆವು.
ಆಮೇಲೆ ಅವನಿಗೆ ಹೊಳೆಯಿತು. ನಕ್ಕ.
ಆ ನಗು ನನಗೆ ಅರ್ಧವೇ ಸಿಕ್ಕಿತು.

"ನಾವೂ ಇಳಿದವರೇ ಮಗಳೇ. ಕಬ್ಬಿಣದ ಪಂಜರ,
ಬೆಳಗಿನ ಪಾಳಿ, ಹೆಗಲಿಗೆ ಹೆಗಲು ತಾಗಿ ಹದಿನಾರು ಜನ,
ಎಂಟುನೂರು ಮೀಟರು, ಒಂದೇ ಉಸಿರಿಗೆ.
ಹೊಸಬರು ನೋವಾದ ಮೇಲೆ ನುಂಗುತ್ತಿದ್ದರು.
ಹಳಬರು ಪಂಜರ ಅಲುಗುವ ಮೊದಲೇ."
ಗದ್ದ ಎತ್ತಿ ತೋರಿಸಿದ;
ಸುಕ್ಕುಗಟ್ಟಿದ ಕೊರಳಲ್ಲಿ ಗಂಟಲ ಗಂಟು
ಮೇಲೆ ಬಂತು, ನಿಂತಿತು,
ಮತ್ತೆ ಕತ್ತಲೆಗೆ ಇಳಿಯಿತು.
ಇದನ್ನೇ ನನ್ನ ಪಾಠದ ಪುಸ್ತಕ
ನಾಲ್ಕು ಪುಟ ಹೇಳುತ್ತದೆ, ಚಿತ್ರ ಸಮೇತ.
ಅವನ ಜೊತೆ ನಾನೂ ನುಂಗಿದೆ. ಏನೂ ಆಗಲಿಲ್ಲ.

ಯಂತ್ರ ಹಾಕಿ ಕೊಟ್ಟೆ. ಅವನು ಮುಖ ಕಿವುಚಿದ:
"ಈ ಫ್ರಿಜ್ಜು ಇಷ್ಟು ದಿನವೂ ಹೀಗೇ ಗೊಣಗುತ್ತಿತ್ತೆ?"
ನನಗೆ ಕೇಳಿಸುತ್ತಿಲ್ಲ ಎಂದೆ. ನಿಜವನ್ನೇ ಹೇಳಿದೆ.

ಶನಿವಾರ, ಮೋಟೆಲಿನ ಬಚ್ಚಲಲ್ಲಿ ಕಾಲುಚೀಲ ಹಿಂಡುವಾಗ
ಕರೆದಾಗ ಬಾರದ ಆಕಳಿಕೆ ಕರೆಯದೆ ಬಂತು.
ಪಟ್.
ಹೊರಗೆ ತಂತಿಯ ಮೇಲೆ ಗುಲಾಬಿ ಎದೆಯ ಗಿಳಿಗಳು
ಯಾವ ಆಸ್ತಿಗೋ ಏನೋ ಕಿತ್ತಾಡುತ್ತಿದ್ದವು,
ಎರಡು ದಿನದ ಬಾಕಿಯನ್ನೆಲ್ಲ
ಒಂದೇ ಸಲ ಎಡಗಿವಿಗೆ ಸುರಿದವು.
ನಲ್ಲಿ ತಿರುಗಿಸದೆ ನಿಂತೇ ಇದ್ದೆ.

ಮರಳುವಾಗ ಅಡಿಲೇಡಿನ ದೀಪ ಕಾಣುವ ಮೊದಲೇ,
ಬೆಲ್ಟಿನ ಗಂಟೆ ಬಾರಿಸುವ ಮೊದಲೇ,
ಗದ್ದ ಎತ್ತಿ ನುಂಗಿದೆ.
ಪಕ್ಕದವನು ವಿಚಿತ್ರವಾಗಿ ನೋಡಿದ.
ಹೊಸಬ, ಪಾಪ.